ಯೊಕೊಹಾಮಾದ ಮೊಟ್ಟೆ, ಘಟಪ್ರಭೆಯ ಸೊಪ್ಪು

ಗೋಕಾಕ ಜಲಪಾತ ನೋಡಲು ಬಂದವರ ಕಣ್ಣೆಲ್ಲ ಘಟಪ್ರಭೆ ಧುಮುಕುವ 170 ಅಡಿ ಆಳದ ಕಡೆಗೇ ಇರುತ್ತದೆ. ದಂಡೆಯ ಮೇಲಿನ ಹಳೆಯ ಗಿರಣಿ ಫೋಟೋದ ಅಂಚಿನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. 1880ರ ದಶಕದಲ್ಲಿ ಈ ನೀರಿನ ಬಲವನ್ನೇ ನಂಬಿ ವ್ಯಾಪಾರಿ ಕಂಪನಿಯೊಂದು ಕಟ್ಟಿದ ಹತ್ತಿ ನೂಲಿನ ಗಿರಣಿ ಅದು. ಅದಕ್ಕಿಂತ ಸುಮಾರು ಹದಿನೈದು ವರ್ಷ ಮೊದಲು, 1872ರಲ್ಲಿ, ಜಪಾನಿನ ಗುನ್ಮಾ ಸೀಮೆಯ ತೊಮಿಯೊಕಾ ಎಂಬ ಸಣ್ಣ ಊರಿನಲ್ಲಿ ಇನ್ನೊಂದು ಗಿರಣಿ ಶುರುವಾಗಿತ್ತು. ಅಲ್ಲಿ ಬಿಚ್ಚುತ್ತಿದ್ದುದು ರೇಷ್ಮೆ. ಕಟ್ಟಿಸಿದ್ದು ಸರ್ಕಾರ, ಯಂತ್ರ ತರಿಸುವ, ಪಾಠ ಹೇಳಿಸುವ ಹೊಣೆ ಪಾಲ್ ಬ್ರೂನಾ ಎಂಬ ಫ್ರೆಂಚನದು. ಬಿಸಿನೀರಿನ 300 ತೊಟ್ಟಿಗಳು ಸಾಲಾಗಿದ್ದವು, ಕೂರಲು ಹುಡುಗಿಯರೇ ಸಿಗಲಿಲ್ಲ. ಫ್ರೆಂಚರು ಗಾಜಿನ ಲೋಟದಲ್ಲಿ ಕುಡಿಯುವ ಕೆಂಪು ವೈನನ್ನು ಕಂಡ ಹಳ್ಳಿಗರು ಅದು ಹೆಣ್ಣುಮಕ್ಕಳ ರಕ್ತವೆಂದು ಹೆದರಿದ್ದರು. ಕೊನೆಗೆ ಗಿರಣಿಯ ಮೇಲ್ವಿಚಾರಕ ಒದಾಕಾ ಅತ್ಸುತಾದಾ ತನ್ನ ಮಗಳನ್ನೇ ಮೊದಲ ಕೆಲಸಗಾರ್ತಿಯಾಗಿ ಸೇರಿಸಬೇಕಾಯಿತು. ಎರಡು ಗಿರಣಿಗಳ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಗೋಕಾಕದ ಗಿರಣಿ ತಲೆಮಾರುಗಟ್ಟಲೆ ಜನಕ್ಕೆ ಅನ್ನ ಕೊಟ್ಟಿತು, ಆದರೆ ಸುತ್ತಲ ಹಳ್ಳಿಗಳಿಗೆ ಕಸುಬು ಕಲಿಸುವುದು ಅದರ ಉದ್ದೇಶವಾಗಿರಲಿಲ್ಲ. ತೊಮಿಯೊಕಾ ಕಟ್ಟಿದ್ದೇ ಕಲಿಸಲಿಕ್ಕೆ. ಅಲ್ಲಿ ಪಳಗಿದ ಹುಡುಗಿಯರು ತಮ್ಮ ತಮ್ಮ ಸೀಮೆಗೆ ಮರಳಿ ಹೊಸ ಗಿರಣಿಗಳಲ್ಲಿ ಗುರುಗಳಾದರು. ಲಾಭ ನಷ್ಟದ ಲೆಕ್ಕದಲ್ಲಿ ಅದು ಹೆಚ್ಚೇನೂ ಗೆಲ್ಲಲಿಲ್ಲ, 1893ರಲ್ಲಿ ಸರ್ಕಾರ ಅದನ್ನು ಖಾಸಗಿಯವರಿಗೆ ಮಾರಿಬಿಟ್ಟಿತು. ಅಷ್ಟರೊಳಗೆ ಅದರ ಕೆಲಸ ಮುಗಿದಿತ್ತು.

ಜಪಾನಿನ ರೇಷ್ಮೆ ಎಂದೊಡನೆ ನಮ್ಮಲ್ಲಿ ಕಿಮೋನೊ, ಕ್ಯೋಟೊದ ನಿಶಿಜಿನ್ ಮಗ್ಗಗಳು, ಒಂದೊಂದು ಎಳೆಗೂ ತಪಸ್ಸು ಮಾಡುವ ಕುಶಲಕರ್ಮಿ, ಹೀಗೊಂದು ಚಿತ್ರ ಮೂಡುತ್ತದೆ. ಚಿತ್ರ ಸುಳ್ಳಲ್ಲ. ಆದರೆ ಅದನ್ನೇ ನೆಚ್ಚಿಕೊಂಡು, ಅವರ ತಾಳ್ಮೆ ನಮಗೆಲ್ಲಿಂದ ಬರಬೇಕು ಎಂದು ನಿಟ್ಟುಸಿರುಬಿಡುವುದು ಸುಲಭದ ದಾರಿ. ಜಪಾನನ್ನು ರೇಷ್ಮೆಯಲ್ಲಿ ಜಗತ್ತಿನ ಮೊದಲ ಸಾಲಿಗೆ ಒಯ್ದದ್ದು ಜನರ ಸ್ವಭಾವಕ್ಕಿಂತ ಹೆಚ್ಚಾಗಿ ಒಂದು ಏರ್ಪಾಡು. ಮೊಟ್ಟೆ ಮಾಡುವವ, ಮರಿಹುಳು ಸಾಕುವವ, ಗೂಡು ಬೆಳೆಯುವವ, ನೂಲು ಬಿಚ್ಚುವವ, ಪರೀಕ್ಷಿಸುವವ, ಪ್ರತಿಯೊಬ್ಬನೂ ಮುಂದಿನವನಿಗೆ ಉತ್ತರ ಹೇಳಬೇಕಾದ ಏರ್ಪಾಡು. ಕನ್ನಡ ನಾಡು ಜಪಾನಿನಿಂದ ಹುಳುವನ್ನು ಹಲವು ಸಲ ತಂದಿದೆ. ಆ ಏರ್ಪಾಡನ್ನು ತರಲು ಮಾತ್ರ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ಕಬ್ಬಿನ ಸೀಮೆಯಲ್ಲಿ ಇಂದು ಯಾರಾದರೂ ಹಿಪ್ಪುನೇರಳೆ ನೆಡುವ ಯೋಚನೆ ಮಾಡುವುದಾದರೆ ಈ ನೂರು ವರ್ಷದ ಕಥೆ ಅವರಿಗೆ ಬೇಕು.

ಕಸುಬಿನ ಒಳಗನ್ನು ನೋಡದೆ ಏರ್ಪಾಡಿನ ಮಾತು ಅರ್ಥವಾಗುವುದಿಲ್ಲ. ಒಂದು ಚಿಟ್ಟೆ ನಾನೂರೈನೂರು ಮೊಟ್ಟೆ ಇಡುತ್ತದೆ. ಹೊರಬರುವ ಹುಳು ಕಪ್ಪು ಇರುವೆಯಷ್ಟು ಸಣ್ಣದು. ಸುಮಾರು ಇಪ್ಪತ್ತೈದು ದಿನಗಳಲ್ಲಿ ಅದರ ತೂಕ ಹತ್ತು ಸಾವಿರ ಪಟ್ಟು ಆಗುತ್ತದೆ. ಈ ನಡುವೆ ಅದು ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ನಿಶ್ಚಲವಾಗಿ ನಿಂತು ಪೊರೆ ಕಳಚುತ್ತದೆ. ನಮ್ಮ ರೈತರು ಇದನ್ನು ಜ್ವರ ಎನ್ನುತ್ತಾರೆ, ಒಳ್ಳೆಯ ಮಾತು. ಮೊದಲ ಎರಡು ಜ್ವರದವರೆಗಿನ ಹುಳುವೇ ಚಾಕಿ. ಅದಕ್ಕೆ 27–28 ಡಿಗ್ರಿ ಬಿಸಿ, ಶೇ. 85ರ ಮೇಲೆ ತೇವ, ಎಳೆಯ ಸೊಪ್ಪು ಬೇಕು. ಬೆಳೆದ ಹುಳುವಿಗೆ ತದ್ವಿರುದ್ಧವಾಗಿ 24–25 ಡಿಗ್ರಿ, ಕಡಿಮೆ ತೇವ, ಧಾರಾಳ ಗಾಳಿ. ಒಟ್ಟು ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಕೊನೆಯ ವಾರದ್ದು. ಆ ರಾತ್ರಿಗಳಲ್ಲಿ ಸಾಕಾಣಿಕೆ ಮನೆಯೊಳಗೆ ಸೋನೆ ಮಳೆ ಸುರಿದಂಥ ಸದ್ದು. ಆಮೇಲೆ ಹುಳು ಹಣ್ಣಾಗಿ, ಮೈ ಪಾರದರ್ಶಕವಾಗಿ, ಗೂಡು ಕಟ್ಟಲು ಇಟ್ಟ ಚಂದ್ರಿಕೆಯ ಮೇಲೆ ತಲೆಯನ್ನು ಎಂಟರ ಅಂಕಿಯಂತೆ ಆಡಿಸುತ್ತ ಎರಡು ಮೂರು ದಿನ ಒಂದೇ ಎಳೆ ನೂಲುತ್ತದೆ. ನಮ್ಮ ಹಳೆಯ ಮೈಸೂರು ತಳಿಯ ಹಳದಿ ಮಿಶ್ರಿತ ಗೂಡಿನಲ್ಲಿ ಆ ಎಳೆ ನಾನೂರು ಮೀಟರ್‌ವರೆಗೆ ಇರಬಹುದು. ಜಪಾನಿ ಮೂಲದ, ವರ್ಷಕ್ಕೆ ಎರಡು ಪೀಳಿಗೆಯ ‘ದ್ವಿತಳಿ’ ಹುಳುವಿನ ಬಿಳಿ ಗೂಡಿನಲ್ಲಿ ಸಾವಿರ ಮೀಟರ್ ದಾಟುತ್ತದೆ. ಗೂಡನ್ನು ಬೇಯಿಸಿ, ಅಂಟು ಸಡಿಲಿಸಿ, ತುದಿ ಹುಡುಕಿ, ಎಂಟು ಹತ್ತು ಗೂಡಿನ ಎಳೆ ಸೇರಿಸಿದರೆ ಸೀರೆಗೆ ಬೇಕಾದ ಒಂದು ನೂಲು. ಒಂದು ಗೂಡು ನಡುವೆ ಕಡಿದರೆ ಇನ್ನೊಂದರ ತುದಿಯನ್ನು ಕಣ್ಣೆವೆ ಬಡಿಯುವುದರೊಳಗೆ ಹಚ್ಚಬೇಕು, ಇಲ್ಲದಿದ್ದರೆ ಆ ಜಾಗದಲ್ಲಿ ನೂಲು ಸೊರಗುತ್ತದೆ, ಮಗ್ಗದಲ್ಲಿ ಹರಿಯುತ್ತದೆ. ಮಗ್ಗದವನ ಕಷ್ಟದ ಬೇರು ಹೀಗೆ ಎಷ್ಟೋ ಸಲ ಚಾಕಿ ಕೋಣೆಯಲ್ಲಿರುತ್ತದೆ. ರೇಷ್ಮೆಯಲ್ಲಿ ಒಬ್ಬನ ತಪ್ಪಿಗೆ ದಂಡ ತೆರುವವನು ಯಾವಾಗಲೂ ಇನ್ನೊಬ್ಬ.

ಜಪಾನಿನಲ್ಲಿ ಈ ವಿದ್ಯೆ ಹಳೆಯದು, ಆದರೆ ಹುಟ್ಟಿದ್ದು ಅಲ್ಲಲ್ಲ. ಚೀನಾದಿಂದ, ಕೊರಿಯಾ ದಾಟಿ ಬಂದದ್ದು. ಮೂರನೇ ಶತಮಾನದ ಚೀನೀ ಬರಹವೊಂದು ಜಪಾನಿನ ದ್ವೀಪವಾಸಿಗಳು ಹುಳು ಸಾಕುವುದನ್ನು ಹೇಳುತ್ತದೆ. ಅವರದೇ ಪುರಾಣದಲ್ಲಿ ಸತ್ತ ಅನ್ನದೇವತೆಯ ಹುಬ್ಬಿನಿಂದ ರೇಷ್ಮೆ ಹುಳು ಹುಟ್ಟಿತಂತೆ. ಹಳ್ಳಿಯವರ ಬಾಯಲ್ಲಿ ಹುಳುವಿಗೆ ಹೆಸರು ‘ಒ-ಕೈಕೊ-ಸಾಮಾ’, ಅಂದರೆ ಹೆಚ್ಚುಕಮ್ಮಿ ‘ಹುಳಪ್ಪನವರು’. ಇಲಿಗಳ ಕಾಟಕ್ಕೆ ಬೆಕ್ಕಿನ ಚಿತ್ರ ತೂಗುಹಾಕುವ ನಂಬಿಕೆಯೂ ಇತ್ತು. ಇಷ್ಟೆಲ್ಲ ಭಕ್ತಿಯ ಜೊತೆಗೇ ಇನ್ನೊಂದು ಕೆಲಸವೂ ನಡೆದಿತ್ತು: ಕಂಡದ್ದನ್ನು ಬರೆದಿಡುವುದು. 1803ರಲ್ಲಿ ಉಎಗಾಕಿ ಮೊರಿಕುನಿ ಎಂಬಾತ ಹುಳು ಸಾಕಣೆಯ ಚಿತ್ರಸಹಿತ ಕೈಪಿಡಿ ಪ್ರಕಟಿಸಿದ. ಅದು 1848ರಲ್ಲಿ ಫ್ರೆಂಚಿಗೆ ಅನುವಾದಗೊಂಡಿತು. ಗುನ್ಮಾದ ತಾಜಿಮಾ ಯಾಹೆಇ ಮನೆಯ ಮಾಡಿನ ನೆತ್ತಿಗೆ ಗಾಳಿಗಿಂಡಿ ಕಟ್ಟಿ, ಗಾಳಿಯಾಡಿಸಿ ಸಾಕುವ ಕ್ರಮ ರೂಪಿಸಿದ. ಅವನ ಹಿಂದೆಯೇ ತಾಕಾಯಾಮಾ ಚೋಗೊರೊ ಗಾಳಿಯೊಂದಿಗೆ ಬೆಂಕಿಯ ಶಾಖವನ್ನೂ ಅಳೆದು ಬಳಸುವ ಕ್ರಮ ಕಂಡುಕೊಂಡು, ಅದನ್ನು ಕಲಿಸಲು ಶಾಲೆಯನ್ನೇ ತೆರೆದ. ಅರಾಫುನೆ ಎಂಬಲ್ಲಿ ಬೇಸಿಗೆಯಲ್ಲೂ ಬಂಡೆಗಳ ಸಂದಿನಿಂದ ತಣ್ಣನೆ ಗಾಳಿ ಹೊಮ್ಮುತ್ತದೆ. ಅಲ್ಲಿ ಮೊಟ್ಟೆಗಳನ್ನಿಟ್ಟು, ಬೇಕೆಂದಾಗ ಹೊರತೆಗೆದು, ವರ್ಷಕ್ಕೆ ಒಂದೇ ಬೆಳೆ ಎಂಬ ಕಟ್ಟನ್ನು ಮುರಿದರು. ತೊಮಿಯೊಕಾ ಗಿರಣಿಯನ್ನು ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಮನೆ, ಈ ಶಾಲೆ, ಈ ತಂಪುಗವಿ ಮೂರನ್ನೂ ಜೊತೆಗೇ ಸೇರಿಸಿತು. ಸರಿಯಾದ ತೀರ್ಮಾನ. ಗಿರಣಿಯೊಂದೇ ಇದ್ದಿದ್ದರೆ ಕಥೆ ಅರ್ಧವಾಗುತ್ತಿತ್ತು.

ಜಪಾನೀಯರ ರಕ್ತದಲ್ಲೇ ಅಚ್ಚುಕಟ್ಟುತನ ಇದೆ, ನಮ್ಮವರಿಗೆ ಇದು ಒಗ್ಗದು ಎನ್ನುವವರಿಗೆ ಹತ್ತೊಂಬತ್ತನೇ ಶತಮಾನದ ಯೊಕೊಹಾಮಾ ಬಂದರೇ ಉತ್ತರ. 1859ರಲ್ಲಿ ಬಂದರು ತೆರೆದಾಗ ಯುರೋಪಿನ ಹುಳುಗಳು ಗಂಟು ರೋಗಕ್ಕೆ ತುತ್ತಾಗಿ ಸಾಯುತ್ತಿದ್ದವು. ಇಟಲಿ, ಫ್ರಾನ್ಸಿನ ವ್ಯಾಪಾರಿಗಳು ಜಪಾನಿನ ಮೊಟ್ಟೆ ಹಾಳೆಗಳಿಗೆ ಮುಗಿಬಿದ್ದರು. ಬೇಡಿಕೆ ಏರಿದ್ದೇ ತಡ, ಕೆಟ್ಟ ಮೊಟ್ಟೆ, ನಕಲಿ ಮುದ್ರೆ, ಒಂದು ಕಂತೆಯೊಳಗೆ ದಪ್ಪ ಸಣ್ಣ ನೂಲುಗಳ ಬೆರಕೆ, ಎಲ್ಲವೂ ನಡೆದವು. ಜಪಾನಿನ ರೇಷ್ಮೆ ಎಂದರೆ ಲಿಯೋನಿನ ನೇಯ್ಗೆಯವರು ಮೂಗು ಮುರಿಯುವ ಕಾಲವೂ ಬಂತು. ಅಲ್ಲಿಂದ ಅವರು ಮೇಲೆದ್ದದ್ದು ಉಪದೇಶದಿಂದಲ್ಲ. ಗಿರಣಿಗಳಲ್ಲಿ ಒಂದೇ ಅಳತೆಯ ನೂಲು ಬಂತು. ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವಿದ್ದರೆ ಅದರ ಮೊಟ್ಟೆ ಸುಡುವ ಲೂಯಿ ಪಾಸ್ಚರನ ಪದ್ಧತಿ ಬಂತು. 1896ರಲ್ಲಿ ಯೊಕೊಹಾಮಾದಲ್ಲಿ ನೂಲಿನ ತೇವ, ತೂಕ, ಗುಣ ಪರೀಕ್ಷಿಸುವ ಸರ್ಕಾರಿ ಮನೆಯೇ ಎದ್ದಿತು. ಆಮೇಲೆ ಬಂದವನು ತೊಯಾಮಾ ಕಾಮೆತಾರೊ. ಬಟಾಣಿಯ ಮೇಲೆ ಮೆಂಡೆಲ್ ಕಂಡ ಅನುವಂಶೀಯತೆಯ ನಿಯಮ ರೇಷ್ಮೆ ಹುಳುವಿಗೂ ಸಲ್ಲುತ್ತದೆ ಎಂದು 1906ರಲ್ಲಿ ತೋರಿಸಿದವ. ಅವನ ಪ್ರಯೋಗದ ಒಂದು ಭಾಗ ಸಯಾಮಿನಲ್ಲಿ, ಅಂದರೆ ಇಂದಿನ ಥಾಯ್ಲೆಂಡಿನಲ್ಲಿ, ಅಲ್ಲಿನ ಉಷ್ಣ ದೇಶದ ಹುಳುವಿಗೂ ಜಪಾನಿನ ಹುಳುವಿಗೂ ಮಿಶ್ರಣ ಮಾಡಿ ನಡೆದದ್ದು. ಮೊದಲ ಪೀಳಿಗೆಯ ಮಿಶ್ರತಳಿ ತಂದೆ ತಾಯಿ ಎರಡಕ್ಕಿಂತ ಗಟ್ಟಿ, ಗೂಡೂ ಹೆಚ್ಚು. ಆದರೆ ಆ ಮಿಶ್ರತಳಿಯ ಮಕ್ಕಳು ಹಾಗಲ್ಲ. ಆದ್ದರಿಂದ ರೈತ ತನ್ನ ಬೆಳೆಯಿಂದಲೇ ಮೊಟ್ಟೆ ಉಳಿಸಿಕೊಳ್ಳುವಂತಿಲ್ಲ, ಪ್ರತಿ ಸಲವೂ ನಂಬಿಕಸ್ಥ ಕೇಂದ್ರದಿಂದ ತರಬೇಕು. 1914ರಿಂದ ಸರ್ಕಾರವೇ ಇಂಥ ಮೊಟ್ಟೆ ಹಂಚತೊಡಗಿತು. 1909ಕ್ಕೇ ಜಪಾನ್ ಕಚ್ಚಾ ರೇಷ್ಮೆ ರಫ್ತಿನಲ್ಲಿ ಚೀನಾವನ್ನು ಹಿಂದೆ ಹಾಕಿತ್ತು. 1930ರ ಸುಮಾರಿಗೆ ಅಲ್ಲಿನ 22 ಲಕ್ಷ ರೈತ ಮನೆಗಳು ವರ್ಷಕ್ಕೆ 4 ಲಕ್ಷ ಟನ್ ಗೂಡು ಬೆಳೆಯುತ್ತಿದ್ದವು.

ಈ ವೈಭವದ ಬೆಲೆ ತೆತ್ತವರು ಹೆಣ್ಣುಮಕ್ಕಳು. ತೊಮಿಯೊಕಾದ ಮೊದಲ ತಂಡದ ಹುಡುಗಿಯರು ಗೌರವದ ಮನೆತನದವರು, ಅವರಿಗೆ ದುಡಿಮೆಗೆ ಹೊತ್ತಿನ ಮಿತಿಯಿತ್ತು. ಆಮೇಲೆ ಸುವಾ ಸರೋವರದ ಸುತ್ತ ಎದ್ದ ಖಾಸಗಿ ಗಿರಣಿಗಳಿಗೆ ಹಿಮದ ನೊಮುಗಿ ಕಣಿವೆ ದಾಟಿ ನಡೆದು ಬಂದ ಬಡ ಹುಡುಗಿಯರಿಗೆ ಅದೂ ಇರಲಿಲ್ಲ. ಮುಂಗಡ ಪಡೆದ ತಂದೆ, ಬಿಸಿನೀರಿನಲ್ಲಿ ಬೆಂದ ಬೆರಳು, ಕ್ಷಯ. 1886ರಲ್ಲಿ ಕೋಫುವಿನ ಅಮೆಮಿಯಾ ಗಿರಣಿಯ ಹೆಣ್ಣುಮಕ್ಕಳು ಕೆಲಸ ನಿಲ್ಲಿಸಿದ್ದನ್ನು ಜಪಾನಿನ ಮೊದಲ ಕಾರ್ಖಾನೆ ಮುಷ್ಕರ ಎನ್ನುತ್ತಾರೆ. ನಮ್ಮ ಕೈ ಶುದ್ಧ ಎನ್ನುವಂತಿಲ್ಲ: ಕರ್ನಾಟಕದ ರೇಷ್ಮೆ ಬಿಚ್ಚಾಣಿಕೆ ಮನೆಗಳಲ್ಲಿ ಜೀತದ ಮಕ್ಕಳು ದುಡಿಯುತ್ತಿದ್ದುದನ್ನು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಜಗತ್ತಿನ ಮುಂದಿಟ್ಟಿತು. ಏರ್ಪಾಡು ಎಂಬ ಮಾತನ್ನು ಹೊಗಳುವಾಗ ಇದನ್ನು ಬಿಟ್ಟು ಹೊಗಳಿದರೆ ಅದು ಗಿರಣಿ ಮಾಲೀಕನ ಹೊಗಳಿಕೆಯಾಗುತ್ತದೆ. ಎಲ್ಲ ಹಂತದವರೂ ಪರಸ್ಪರ ಉತ್ತರ ಹೇಳಬೇಕು ಎಂಬ ಏರ್ಪಾಡಿನಲ್ಲಿ ಕೂಲಿಯವಳಿಗೆ ಉತ್ತರ ಹೇಳುವವರೇ ಇರಲಿಲ್ಲ, ಅಲ್ಲೂ ಇಲ್ಲೂ.

ಇನ್ನು ನಮ್ಮ ಕಥೆ. ಹನ್ನೆರಡನೇ ಶತಮಾನದ ಅಕ್ಕಮಹಾದೇವಿಯ ವಚನದಲ್ಲೇ ತಾನು ಕಟ್ಟಿದ ಗೂಡಿನಲ್ಲಿ ತಾನೇ ಸಿಕ್ಕಿಬೀಳುವ ತೆರಣಿಯ ಹುಳು ಬರುತ್ತದೆ. ಗೂಡು ಕಟ್ಟುವ ಹುಳುವಿನ ನಡವಳಿಕೆ ಕನ್ನಡಿಗರಿಗೆ ಅಂದೇ ಗೊತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕಸುಬಾಗಿ ಅದು ಬೇರೂರಿದ್ದು ಮಾತ್ರ ಹದಿನೆಂಟನೇ ಶತಮಾನದ ಕೊನೆಗೆ, ಟಿಪ್ಪು ಸುಲ್ತಾನ್ ಬಂಗಾಳಕ್ಕೆ ಆಳು ಕಳಿಸಿ ಹುಳು ತರಿಸಿದ ಮೇಲೆ. ಆ ಹುಳುವೇ ಕಾಲಕ್ರಮದಲ್ಲಿ ಮೈಸೂರು ತಳಿಯಾಯಿತು. ವರ್ಷವಿಡೀ ಮರಿ ಮಾಡುವ, ಬಿಸಿಲು ತಾಳುವ, ಆದರೆ ಸಣ್ಣ ಗೂಡಿನ ತಳಿ. ಹತ್ತೊಂಬತ್ತನೇ ಶತಮಾನದ ನಡುವೆ ರೋಗ ಹಬ್ಬಿ ಬೆಳೆ ಕೆಟ್ಟಾಗ ದೆ ವೆಚ್ಚಿ ಎಂಬ ಇಟಲಿಯವನು 1860ರ ದಶಕದಲ್ಲಿ ಜಪಾನಿನ ಮೊಟ್ಟೆ ಹಾಳೆಗಳನ್ನು ತರಿಸಿದ, ಕೆಂಗೇರಿಯಲ್ಲಿ ಉಗಿಯಂತ್ರದ ಬಿಚ್ಚಾಣಿಕೆ ಮನೆ ಹಾಕಿದ. ಎರಡೂ ನಿಲ್ಲಲಿಲ್ಲ. ಆ ಶತಮಾನದ ಕೊನೆಯ ವರ್ಷಗಳಲ್ಲಿ, ಜಪಾನ್ ನೋಡಿ ಬಂದಿದ್ದ ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದು ಜಪಾನಿ ತಜ್ಞರನ್ನು ಕರೆಸಿ ತರಬೇತಿ ಕೊಡಿಸಿದರು. 1910ರಲ್ಲಿ ಅದು ಸಾಲ್ವೇಶನ್ ಆರ್ಮಿಯ ಕೈಗೆ ಹೋಯಿತು. ಇಂದು ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರಂ ಎಂಬುದು ಒಂದು ಬಸ್ ನಿಲ್ದಾಣದ ಹೆಸರಾಗಿ ಉಳಿದಿದೆ. ಮೈಸೂರು ಸಂಸ್ಥಾನ ಇಟಲಿಯ ತಜ್ಞರನ್ನೂ ಜಪಾನಿನ ತಜ್ಞರನ್ನೂ ಕರೆಸಿ ನೋಡಿತು. ಯೊನೆಮುರಾ ಎಂಬ ಜಪಾನಿ, ಎನ್. ರಾಮರಾಯರ ಜೊತೆ ಸೇರಿ ಬರೆದ ಹುಳು ಸಾಕಣೆಯ ಕೈಪಿಡಿಯನ್ನು ಸಂಸ್ಥಾನವೇ 1925ರಲ್ಲಿ ಅಚ್ಚು ಹಾಕಿಸಿತು. ಇದೇ ಕಾಲದಲ್ಲಿ ಮೈಸೂರು ಹೆಣ್ಣುಚಿಟ್ಟೆಗೂ ಸಿ. ನಿಚಿ ಎಂಬ ಹೊರಗಿನ ತಳಿಯ ಗಂಡಿಗೂ ಮಿಶ್ರಣ ಮಾಡಿದ ಮೊಟ್ಟೆ ರೈತರಿಗೆ ಸಿಗತೊಡಗಿತು. ತೊಯಾಮಾ ಸಯಾಮಿನಲ್ಲಿ ಮಾಡಿದ್ದರ ಕನ್ನಡ ರೂಪ.

ಶುದ್ಧ ಜಪಾನಿ ಹುಳು ಮತ್ತೆ ಮತ್ತೆ ಸೋತು ಈ ಮಿಶ್ರತಳಿ ಮಾತ್ರ ಗೆದ್ದದ್ದು ಏಕೆ? ಹವೆಯೇ ಕಾರಣ ಎಂಬುದು ರೂಢಿಯ ಉತ್ತರ, ಅದರಲ್ಲಿ ನಿಜವಿದೆ. ಚಳಿದೇಶದ ಹುಳುವಿನ ಮೊಟ್ಟೆ ಚಳಿಗಾಲವಿಡೀ ಮಲಗಿ ವಸಂತಕ್ಕೆ ಏಳುತ್ತದೆ. ನಮ್ಮಲ್ಲಿ ಅಂಥ ಚಳಿಯೇ ಇಲ್ಲ, ಏಳುವ ಸಮಯ ಅದಕ್ಕೆ ತಿಳಿಯುವುದಿಲ್ಲ. ಆದರೆ ಈ ಕಗ್ಗಂಟನ್ನೂ ಜಪಾನೀಯರು ಬಿಡಿಸಿದ್ದರು. ಹೈಡ್ರೋಕ್ಲೋರಿಕ್ ಆಮ್ಲದ ದ್ರಾವಣದಲ್ಲಿ ಮೊಟ್ಟೆಗಳನ್ನು ಲೆಕ್ಕ ಹಾಕಿ ಕೆಲವೇ ನಿಮಿಷ ಅದ್ದಿದರೆ ನಿದ್ದೆ ಹರಿಯುತ್ತದೆ. ಶೀತಲಗೃಹದಲ್ಲಿಟ್ಟು ಬೇಕಾದ ತಿಂಗಳಿಗೆ ಎಬ್ಬಿಸಬಹುದು. ಅರಾಫುನೆಯ ತಂಪುಗವಿ ಕೋಣೆಯೊಳಗೆ ಬಂದಂತೆ. ಅಂದರೆ ಹವೆಗೆ ಮದ್ದಿತ್ತು. ಇಲ್ಲದ್ದು ಆ ಮದ್ದನ್ನು ತಪ್ಪದೆ ಕೊಡುವ ಕೈ. ರೈತನ ಅಡುಗೆಮನೆಯ ಮೂಲೆಯಲ್ಲಿ, ಒಲೆಯ ಹೊಗೆಯ ನಡುವೆ, ಹಿಂದಿನ ಬೆಳೆಯ ಸೋಂಕು ಹೊತ್ತ ತಟ್ಟೆಯಲ್ಲೇ ಮುಂದಿನ ಹುಳು ಇಳಿಯುತ್ತಿತ್ತು. ಮೈಸೂರು ತಳಿ ಅದನ್ನು ಸಹಿಸಿತು, ಜಪಾನಿ ತಳಿ ಸಹಿಸಲಿಲ್ಲ. ಮಿಶ್ರತಳಿ ನಮ್ಮ ನಿರ್ಲಕ್ಷ್ಯದೊಂದಿಗೆ ಮಾಡಿಕೊಂಡ ರಾಜಿ. ಕೆಟ್ಟ ರಾಜಿಯೇನಲ್ಲ, ಲಕ್ಷಾಂತರ ಮನೆಗಳನ್ನು ಅದು ಸಾಕಿದೆ. ಆದರೆ ಅದರ ನೂಲು ವಿದ್ಯುತ್ ಮಗ್ಗದ ಹಾಸಿನ ಎಳೆಗೆ ಸಾಲದೆ, ನಮ್ಮ ನೇಕಾರರು ಚೀನಾದ ನೂಲಿಗೆ ಕೈಯೊಡ್ಡಬೇಕಾಯಿತು.

ರಾಜಿಯನ್ನು ದಾಟುವ ಕೆಲಸ ಶುರುವಾದದ್ದು 1991ರಲ್ಲಿ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಹಾಗೂ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ ಜೈಕಾ ಸೇರಿ ಮೂರು ಹಂತಗಳಲ್ಲಿ 2007ರವರೆಗೆ ದ್ವಿತಳಿ ಯೋಜನೆ ನಡೆಸಿದವು. ಮೈಸೂರಿನಲ್ಲೇ ಸಿಎಸ್‌ಆರ್ ಎಂಬ ತಳಿಗಳು ಹುಟ್ಟಿದವು, ಅವುಗಳಿಗೆ ತಕ್ಕ ಸೊಪ್ಪಿಗೆ ವಿ-1 ಹಿಪ್ಪುನೇರಳೆ ಬಂತು. ಯೋಜನೆಯ ಪತ್ರಗಳಲ್ಲಿ ತಳಿಯ ಹೆಸರು ಎದ್ದು ಕಾಣುತ್ತದೆ. ಗೆದ್ದದ್ದು ಮಾತ್ರ ಬೇರೆ ಸಂಗತಿಗಳು: ಮನೆಯಿಂದ ಬೇರೆಯಾದ ಸಾಕಾಣಿಕೆ ಕೊಠಡಿ, ಪ್ರತಿ ಬೆಳೆಗೂ ಮುನ್ನ ಕಡ್ಡಾಯ ಸೋಂಕು ನಿವಾರಣೆ, ಎಲೆ ಕಿತ್ತು ಹಾಕುವ ಬದಲು ಇಡೀ ರೆಂಬೆ ಹಾಸುವ ಕ್ರಮ, ಎಲ್ಲಕ್ಕಿಂತ ಮುಖ್ಯವಾಗಿ ಚಾಕಿ ಕೇಂದ್ರ. ಹುಳುವಿನ ಅತಿ ಸೂಕ್ಷ್ಮವಾದ ಮೊದಲ ದಿನಗಳನ್ನು ನೂರು ಮನೆಯವರು ನೂರು ಬಗೆಯಲ್ಲಿ ಕಳೆಯುವ ಬದಲು ಒಬ್ಬ ಪಳಗಿದವನು ಎಲ್ಲರ ಪರವಾಗಿ ನೋಡಿಕೊಂಡು, ಎರಡನೇ ಜ್ವರ ದಾಟಿದ ಹುಳುವನ್ನು ಮನೆಮನೆಗೆ ಕೊಡುವುದು. ಜಪಾನಿನ ಹಳ್ಳಿಗಳು ಸಹಕಾರ ಸಂಘಗಳ ಮೂಲಕ ಮಾಡುತ್ತಿದ್ದುದೇ ಇದು. ಸುತ್ತುವ ಚಂದ್ರಿಕೆಯನ್ನು ನೋಡಿದರೆ ಆ ಜನರ ಯೋಚನೆಯ ಬಗೆ ತಿಳಿಯುತ್ತದೆ. ರಟ್ಟಿನ ಸಣ್ಣ ಸಣ್ಣ ಗೂಡುಗಳ ಚೌಕಟ್ಟನ್ನು ಅಚ್ಚಿಗೆ ಸಿಕ್ಕಿಸಿ ತೂಗುಬಿಡುತ್ತಾರೆ. ಹಣ್ಣಾದ ಹುಳುವಿಗೆ ಮೇಲೇರುವ ಚಾಳಿ. ಎಲ್ಲವೂ ಮೇಲೇರಿದಾಗ ಭಾರಕ್ಕೆ ಚೌಕಟ್ಟೇ ತಿರುಗುತ್ತದೆ, ಮೇಲಿದ್ದವು ಕೆಳಗಾಗಿ ಮತ್ತೆ ಹತ್ತುತ್ತವೆ, ಹತ್ತುತ್ತ ಹತ್ತುತ್ತ ಒಂದೊಂದೂ ಒಂದೊಂದು ಕೋಣೆ ಹಿಡಿದು ಕೂರುತ್ತದೆ. ಎರಡು ಹುಳು ಸೇರಿ ಕಟ್ಟುವ ಜೋಡಿಗೂಡು ತಪ್ಪುತ್ತದೆ, ಒಂದರ ಹೊಲಸು ಇನ್ನೊಂದರ ಗೂಡಿಗೆ ಹತ್ತುವುದಿಲ್ಲ. ಹುಳುವಿನ ಹಟವನ್ನೇ ಕೂಲಿಗೆ ಹಚ್ಚಿದ ಜಾಣತನ.

ಘಟಪ್ರಭೆಯ ಸೀಮೆಗೆ ಇದನ್ನೆಲ್ಲ ಏಕೆ ಹೇಳಬೇಕು ಎಂದರೆ, ಬೇಡಿಕೆ ಇರುವುದು ಇಲ್ಲೇ ಮಗ್ಗುಲಲ್ಲಿ. ಮೂಡಲಗಿಯಿಂದ ಪೂರ್ವಕ್ಕೆ ಹೊರಟರೆ ಮಹಾಲಿಂಗಪುರ, ರಬಕವಿ-ಬನಹಟ್ಟಿ, ಗುಳೇದಗುಡ್ಡ, ಇಳಕಲ್ಲು ಸಾಲಾಗಿ ನೇಕಾರರ ಊರುಗಳು. ಇಳಕಲ್ಲ ಸೀರೆಯ ತೋಪು ಸೆರಗು ಹುಟ್ಟಿನಿಂದ ರೇಷ್ಮೆಯದು, ಗುಳೇದಗುಡ್ಡದ ಖಣಕ್ಕೂ ರೇಷ್ಮೆ ಬೇಕು; ಆ ನೂಲು ಬಹುಪಾಲು ಬರುವುದು ದಕ್ಷಿಣದಿಂದ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ, ಗೋಕಾಕ ತಾಲ್ಲೂಕಿನ ಧೂಪದಾಳ ಒಡ್ಡು, ಅಲ್ಲಿಂದ ಹೊರಟ ಕಾಲುವೆಗಳು ಈ ನೆಲಕ್ಕೆ ನೀರು ಕೊಟ್ಟಿವೆ. ಆ ನೀರನ್ನೆಲ್ಲ ಕಬ್ಬು ಕುಡಿಯುತ್ತಿದೆ. ಇಲ್ಲಿ ಮೊದಲ ಆಕ್ಷೇಪ ಏಳುವುದು ಕಬ್ಬಿನವನಿಂದಲೇ: ಕಬ್ಬು ನಟ್ಟು ಮಲಗಿದರೂ ಬೆಳೆಯುತ್ತದೆ, ಹುಳ ಸಾಕಿದವ ಮಲಗುವಂತಿಲ್ಲ. ಒಪ್ಪಬೇಕಾದ ಮಾತು. ನೀರಾವರಿಯ ಹತ್ತೆಕರೆ ಇದ್ದು ಆಳು ಸಿಗದವನಿಗೆ ರೇಷ್ಮೆ ಬೇಡ. ಇದು ಒಂದೆರಡು ಎಕರೆಯ, ಮನೆಮಂದಿಯೇ ದುಡಿಯುವ ಕುಟುಂಬದ ಬೆಳೆ. ವರ್ಷಕ್ಕೊಮ್ಮೆ ಕಾರ್ಖಾನೆಯ ಬಿಲ್ಲಿಗೆ ಕಾಯುವ ಬದಲು ವರ್ಷಕ್ಕೆ ನಾಲ್ಕೈದು ಸಲ ಗೂಡಿನ ದುಡ್ಡು ಕಾಣುವ ಬೆಳೆ. ದನದ ಸಂತೆಗೆ ಹೆಸರಾದ ಮೂಡಲಗಿಯ ಕಡೆ ಎಮ್ಮೆ ಸಾಕಿದವರಿಗೆ ಹೊತ್ತುಹೊತ್ತಿಗೆ ಮೇವು, ಸ್ವಚ್ಛತೆ, ಬಿಡುವಿಲ್ಲದ ಕಾಳಜಿ ಎಂದರೇನೆಂದು ಯಾರೂ ಕಲಿಸಬೇಕಿಲ್ಲ, ಹುಳು ತಿಂದುಳಿಸಿದ ಸೊಪ್ಪು ಅದೇ ಎಮ್ಮೆಗೆ ಮೇವೂ ಆಗುತ್ತದೆ.

ಇದಕ್ಕಿಂತ ಗಂಭೀರ ಅಡ್ಡಿ ಪಕ್ಕದ ಹೊಲದಲ್ಲಿದೆ. ನಿಪ್ಪಾಣಿಯ ಸೀಮೆ ತಂಬಾಕಿಗೆ ಪ್ರಸಿದ್ಧ, ಹುಕ್ಕೇರಿಗೆ ಅದು ನೆರೆ. ತಂಬಾಕಿನ ಗಿಡದಿಂದ ಗಾಳಿಗೆ ಬರುವ ನಿಕೋಟಿನ್ ಹತ್ತಿರದ ಹಿಪ್ಪುನೇರಳೆ ಎಲೆಗೆ ಸೇರುತ್ತದೆ. ಆ ಸೊಪ್ಪು ತಿಂದ ಹುಳು ವಾಂತಿ ಮಾಡಿ, ಮೈ ಮುರುಟಿ ಬೀಳುತ್ತದೆ. ಜಪಾನಿನ ರೈತರೂ ಇದರಿಂದ ಪೆಟ್ಟು ತಿಂದವರೇ. ಕಬ್ಬು, ಗೋವಿನಜೋಳಕ್ಕೆ ಹೊಡೆಯುವ ಕೀಟನಾಶಕವೂ ಅಷ್ಟೇ. ರೇಷ್ಮೆ ಹುಳುವೂ ಕೀಟ ತಾನೆ, ಔಷಧಕ್ಕೆ ಕಾಂಡಕೊರಕ ಯಾವುದು, ಒಡೆಯನ ಹುಳು ಯಾವುದು ಎಂಬ ಭೇದವಿಲ್ಲ. ಬೇಸಿಗೆಯ 38–40 ಡಿಗ್ರಿಯ ದಿನಗಳು ಬೇರೆ. ಕೊಠಡಿಯ ಮೇಲೆ ತೆಂಗಿನ ಗರಿ, ಕಿಟಕಿಗೆ ತೇವದ ಗೋಣಿತಟ್ಟು, ಸುತ್ತ ನೆರಳಿನ ಮರಗಳಿಂದ ಕೊಠಡಿಯನ್ನು ತಂಪಾಗಿಡಬಹುದು. ನೆರೆಹೊಲದ ಔಷಧವನ್ನು ಒಬ್ಬನೇ ರೈತ ತಡೆಯಲಾರ. ಹೀಗಾಗಿ ಊರಿಗೊಬ್ಬ ರೈತ, ಮೂಲೆಗೊಂದು ಎಕರೆ ಎಂದು ಹಿಪ್ಪುನೇರಳೆ ಚೆಲ್ಲಿದರೆ ಸೋಲು ಖಚಿತ. ಬೆಳಗಾವಿ ಜಿಲ್ಲೆಯಲ್ಲೂ ಹುಳು ಸಾಕುವ ರೈತರು ಅಲ್ಲಲ್ಲಿ ಇದ್ದಾರೆ, ಆದರೆ ಈ ‘ಅಲ್ಲಲ್ಲಿ’ಯೇ ತೊಂದರೆ. ಒಂದೇ ಬಯಲಿನಲ್ಲಿ ಇಪ್ಪತ್ತು ಮೂವತ್ತು ಮನೆಯವರು ಒಟ್ಟಾದರೆ ಮಾತ್ರ ಔಷಧ ಹೊಡೆಯುವ ದಿನದ ಬಗ್ಗೆ ನೆರೆಯವರೊಡನೆ ಮಾತಾಡುವ ಬಲ ಬರುತ್ತದೆ, ಚಾಕಿ ಕೇಂದ್ರದ ಖರ್ಚು ಹುಟ್ಟುತ್ತದೆ, ಗೂಡು ಸಾಗಿಸಲು ಒಂದು ಗಾಡಿ ತುಂಬುತ್ತದೆ. ಏಷ್ಯಾದಲ್ಲೇ ದೊಡ್ಡದೆನ್ನುವ ರಾಮನಗರದ ಗೂಡಿನ ಮಾರುಕಟ್ಟೆ ಇಲ್ಲಿಂದ ಐನೂರು ಕಿಲೋಮೀಟರಿಗೂ ದೂರ, ಹುಳು ಕಟ್ಟತೊಡಗಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡು ಕೊರೆದು ಹೊರಬಂದರೆ ಎಲ್ಲವೂ ಹತ್ತಿಯ ಬೆಲೆ.

ನಮ್ಮವರು ಒಟ್ಟಾಗುವುದಿಲ್ಲ ಎಂಬ ಗೊಣಗಾಟ ಈ ಹೊತ್ತಿಗೆ ಬಂದೇ ಬರುತ್ತದೆ. ಬೇರೆ ಕಡೆಯ ಮಾತು ಗೊತ್ತಿಲ್ಲ, ಹುಕ್ಕೇರಿಯಲ್ಲಿ ನಿಂತು ಹಾಗೆ ಹೇಳಲು ಬಾರದು. ಮನೆಗೆ, ಪಂಪ್‌ಸೆಟ್ಟಿಗೆ ಕರೆಂಟು ಹಂಚುವ ಕೆಲಸವನ್ನು 1969ರಿಂದ ಇಲ್ಲಿ ಮಾಡುತ್ತಿರುವುದು ಗ್ರಾಹಕರದೇ ಆದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ದೇಶದಲ್ಲಿ ಪ್ರಾಯೋಗಿಕವಾಗಿ ಮೊದಲು ಸ್ಥಾಪಿಸಿದ ಐದು ಸಂಘಗಳಲ್ಲಿ ಒಂದು. ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯೂ ಸಹಕಾರಿಯೇ. ಸಹಕಾರದೊಳಗಿನ ರಾಜಕಾರಣ ಈ ಜಿಲ್ಲೆಯವರಿಗೆ ಹೊಸದಲ್ಲ, ಅದನ್ನು ಹೇಳಿಕೊಡಬೇಕಿಲ್ಲ. ಆದರೂ ವಿದ್ಯುತ್ತಿನಂಥ ಗೋಜಲನ್ನು ಅರ್ಧ ಶತಮಾನ ನಿಭಾಯಿಸಿದ ತಾಲ್ಲೂಕಿಗೆ ಒಂದು ಚಾಕಿ ಕೋಣೆ ಹೆಚ್ಚಿನದಲ್ಲ.

ಇನ್ನೊಂದು ಆಕ್ಷೇಪವನ್ನು ಹಗುರಾಗಿ ತಳ್ಳಲಾಗದು. ಜೈನರೂ ಲಿಂಗಾಯತರೂ ಹೆಚ್ಚಿರುವ ಸೀಮೆ ಇದು. ಒಂದು ಸೀರೆಗೆ ಸಾವಿರಾರು ಗೂಡು, ಅಷ್ಟೂ ಹುಳು ಬಿಸಿಯಲ್ಲಿ ಬೇಯಬೇಕು. ಮಡಿಗೆಂದು ರೇಷ್ಮೆಯುಡುವ ನಾವು ಇದನ್ನು ನೆನೆಯುವುದೇ ಇಲ್ಲ. ಬೌದ್ಧ ಜಪಾನಿಗೂ ಈ ಮುಜುಗರ ಇತ್ತು. ಹುಳುಗಳ ಆತ್ಮಶಾಂತಿಗೆಂದು ನೆಟ್ಟ ಕಲ್ಲುಗಳು ಅಲ್ಲಿನ ರೇಷ್ಮೆ ಹಳ್ಳಿಗಳಲ್ಲಿ ಇಂದಿಗೂ ನಿಂತಿವೆ. ಕಲ್ಲು ನೆಟ್ಟರೆ ಹಿಂಸೆ ಅಳಿಯುತ್ತದೆಯೇ? ಇಲ್ಲ. ಚಿಟ್ಟೆ ಹೊರಬಂದ ಮೇಲೆ ಉಳಿದ ಗೂಡನ್ನು ಹಿಂಜಿ ನೂತು ನೇಯಬಹುದು. ಜಪಾನಿನ ಯೂಕಿ ಊರಿನವರು ಗೂಡನ್ನು ಹಿಗ್ಗಿಸಿ, ಬೆರಳಲ್ಲೇ ಎಳೆ ಎಳೆದು, ಸೊಂಟಕ್ಕೆ ಬಿಗಿಯುವ ಮಗ್ಗದಲ್ಲಿ ನೇಯುವ ಬಟ್ಟೆ 2010ರಲ್ಲಿ ಯುನೆಸ್ಕೊ ಮನ್ನಣೆ ಪಡೆದಿದೆ, ಒರಟು ಮೈಯ ಆ ಬಟ್ಟೆಯ ಬೆಲೆ ನಯವಾದ ರೇಷ್ಮೆಯನ್ನೂ ನಾಚಿಸುತ್ತದೆ. ಆದರೆ ಸೆರಗಿಗೆ ಬೇಕಾದ ಅಖಂಡ ಎಳೆ ಹುಳುವನ್ನು ಕೊಲ್ಲದೆ ಸಿಗದು ಎಂಬುದು ಸತ್ಯ. ಯಾರ ಮನಸ್ಸು ಒಪ್ಪದೋ ಅವರು ಈ ಕಸುಬಿಗೆ ಇಳಿಯದಿರುವುದೇ ಸರಿ. ಉಡುವಾಗಲೂ ಅದೇ ಮನಸ್ಸು ಇರಲಿ ಎಂದಷ್ಟೇ ಕೇಳಬಹುದು.

ಜಪಾನಿನಲ್ಲೇ ಸತ್ತ ಕಸುಬನ್ನು ನಾವೇಕೆ ಹೊರಬೇಕು ಎಂಬ ಪ್ರಶ್ನೆ ಉಳಿಯಿತು. 4 ಲಕ್ಷ ಟನ್ ಗೂಡಿನ ದೇಶದಲ್ಲಿ ಈಗ 100 ಟನ್ನೂ ಇಲ್ಲ. ತೊಮಿಯೊಕಾದ ಯಂತ್ರಗಳು 1987ರಲ್ಲಿ ನಿಂತವು. ಸಾಮ್ರಾಜ್ಞಿಯರು ಅರಮನೆಯಲ್ಲಿ ಸಾಕುತ್ತ ಬಂದ ಕೊಯಿಶಿಮಾರು ಎಂಬ ಸಣ್ಣ ಗೂಡಿನ ಹಳೆಯ ತಳಿ ಈಗ ನಾರಾದ ಶೋಸೊಯಿನ್ ಭಂಡಾರದ ಎಂಟನೇ ಶತಮಾನದ ಬಟ್ಟೆಗಳ ಪಡಿಯಚ್ಚು ನೇಯಲು ಉಪಯೋಗಕ್ಕೆ ಬರುತ್ತದೆ. ಆ ಅವನತಿಗೆ ರೋಗವಾಗಲಿ ಅಜ್ಞಾನವಾಗಲಿ ಕಾರಣವಲ್ಲ. 1940ರಲ್ಲಿ ಅಮೆರಿಕದ ಅಂಗಡಿಗಳಿಗೆ ನೈಲಾನ್ ಕಾಲುಚೀಲ ಬಂತು, ಮರುವರ್ಷ ಯುದ್ಧ ಬಂತು, ಆಮೇಲೆ ನಗರದ ಕೂಲಿ ಹಳ್ಳಿಯ ಕೂಲಿಯನ್ನು ಮೀರಿತು, ಕಿಮೋನೊ ಮದುವೆಯ ದಿನದ ಉಡುಪಾಯಿತು. ನಮ್ಮಲ್ಲಿ ಸೀರೆ ಆ ಗತಿಗೆ ಬಂದಿಲ್ಲ. ಭಾರತ ಚೀನಾದ ನಂತರ ಹೆಚ್ಚು ರೇಷ್ಮೆ ಬೆಳೆಯುವ ದೇಶ, ಕರ್ನಾಟಕ ಅದರಲ್ಲಿ ಮೊದಲನೆಯದು, ಬೆಳೆದದ್ದು ಇನ್ನೂ ಸಾಲುತ್ತಿಲ್ಲ. ಅಪಾಯ ಬೇರೆಡೆ ಇದೆ. 2011ರ ಕೇಂದ್ರ ಬಜೆಟ್ಟು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ಹಳೇ ಮೈಸೂರು ಸೀಮೆಯ ಎಷ್ಟೋ ರೈತರು ಹಿಪ್ಪುನೇರಳೆ ಕಿತ್ತರು. ದೆಹಲಿಯ ಒಂದು ಸಾಲು ಘಟಪ್ರಭೆಯ ರೈತನಿಗೂ ಹಾಗೆಯೇ ತಗಲಬಹುದು. ಅದಕ್ಕೆ ಪೂರ್ತಿ ರಕ್ಷೆ ಇಲ್ಲ. ಬೆಲೆ ಬಿದ್ದಾಗ ಮೊದಲು ಮುಳುಗುವುದು ಕಳಪೆ ಗೂಡು, ಕೊನೆಗೆ ಮುಳುಗುವುದು ಒಳ್ಳೆಯದು, ಇಷ್ಟೇ ಆಸರೆ. ಹಾಗಾಗಿ ಗೋಕಾಕ, ಮೂಡಲಗಿ, ಹುಕ್ಕೇರಿಯಲ್ಲಿ ಸಹಾಯಧನದ ಆಸೆಗೆ ಸಸಿ ನೆಡಲು ಹೊರಟವರು ನೆಲ ಉಳುವ ಮೊದಲೇ ಇಲಾಖೆಯವರನ್ನು ಎರಡು ಪ್ರಶ್ನೆ ಕೇಳಲಿ: ಮೊಟ್ಟೆ ಎಲ್ಲಿಂದ ಬರುತ್ತದೆ, ಚಾಕಿ ಯಾರ ಕೈಯಲ್ಲಿ ಬೆಳೆಯುತ್ತದೆ? ಎರಡಕ್ಕೂ ಊರಿನ ಹೆಸರು, ಹೊಣೆಗಾರನ ಹೆಸರು ಹಿಡಿದು ಉತ್ತರ ಬಾರದಿದ್ದರೆ ಆ ವರ್ಷ ಕಬ್ಬನ್ನೇ ಹಚ್ಚಿರಿ.